ಯಾವುದು ಬದಲಾಯಿತು ಅಂತ ಹೇಳಿ

ಎರಡು ವರ್ಷದ ಹಿಂದಿನ ಒಂದು ಸೋಮವಾರ. ಚಾಮರಾಜನಗರ ಜಿಲ್ಲೆಯ ನಮ್ಮ ಹೋಬಳಿಯ ನಾಡಕಚೇರಿ ಜಗಲಿಯಲ್ಲಿ ಕೂತಿದ್ದೆ. ಅಪ್ಪ ತೀರಿಕೊಂಡು ಏಳು ತಿಂಗಳಾಗಿತ್ತು. ಅವರ ಹೆಸರಿನಲ್ಲಿದ್ದ ಮೂರು ಎಕರೆ ಹತ್ತು ಗುಂಟೆಗೆ ಪೌತಿ ಖಾತೆ ಆಗಬೇಕಿತ್ತು. ತಮ್ಮ ಅರ್ಜಿ ಕೊಟ್ಟಿದ್ದ. ಎಲ್ಲಿಗೆ ಬಂತು ಎಂದು ಕೇಳಿಕೊಂಡು ಹೋಗಲು ನಾನು ಬಂದಿದ್ದೆ.

ಪಕ್ಕದಲ್ಲಿ ಬೆಟ್ಟದ ಪೋಡಿನಿಂದ, ಅಂದರೆ ಬುಡಕಟ್ಟಿನವರ ಹಾಡಿಯಿಂದ, ಇಳಿದು ಬಂದಿದ್ದ ಒಬ್ಬ ಹೆಂಗಸು. ಅವರ ಮಗ ನನ್ನ ಹತ್ತಿರ ಓದಿದವನು. ಮಡಿಲಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರಲ್ಲಿ ಗಂಡನ ಮರಣ ಪ್ರಮಾಣಪತ್ರ, ಹಳೆಯ ಪಹಣಿ, ಆಧಾರ್ ಕಾರ್ಡಿನ ಜೆರಾಕ್ಸು, ಎಲ್ಲದರ ಜೊತೆಗೆ ಮಡಿಸಿಟ್ಟ ಮೊಮ್ಮಗನ ರಕ್ತ ಪರೀಕ್ಷೆಯ ವರದಿ. ನನ್ನನ್ನು ಗುರುತು ಹಿಡಿದು ಮೆಲ್ಲಗೆ ಕೇಳಿದರು:

"ಟೀಚರಮ್ಮ, ಆಸ್ಪತ್ರೇಲಿ ನನ್ ಮೊಮ್ಮಗನ ರಕ್ತದಲ್ಲಿ ಮುಟೇಸನ್ ಆಗದ, ಅದ್ಕೇ ಕೈಕಾಲು ನೋವು ಅಂದ್ರು. ಇಲ್ಲಿ ಜಮೀನ್ಗ ಮುಟೇಸನ್ ಆಗಿಲ್ಲ, ಅದ್ಕೇ ದುಡ್ಡು ಬರಲ್ಲ ಅಂತರ. ಆದ್ರೂ ಕಷ್ಟ, ಆಗ್ದೇ ಇದ್ರೂ ಕಷ್ಟ. ಯಾನ ಅದು ಮುಟೇಸನ್ನು?"

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ಆ ಪದವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ಆ ಹೊತ್ತಿಗೆ ಅವರಿಗೆ ಅರ್ಥವಾಗುವ ಒಂದು ಮಾತು ನನ್ನ ಬಾಯಿಗೆ ಬರಲಿಲ್ಲ. ಎರಡು ಕಚೇರಿಗಳು ಒಂದೇ ಪದವನ್ನು ಆ ತಾಯಿಯ ಕೈಗೆ ಕೊಟ್ಟು ಕಳಿಸಿದ್ದವು. ಅದರ ಅರ್ಥವನ್ನು ಎರಡೂ ಕಡೆ ತಮ್ಮಲ್ಲೇ ಇಟ್ಟುಕೊಂಡಿದ್ದವು.

ಈ ಲೇಖನ ಆ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಪೂರ್ತಿ ಉತ್ತರ.

ಮ್ಯುಟೇಷನ್ ಎಂದರೆ ಮೂಲದಲ್ಲಿ ಬರಿಯ ಬದಲಾವಣೆ. ಬದಲಾಯಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಹುಟ್ಟಿ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದದ್ದು. ಫ್ರಾನ್ಸಿನಲ್ಲಿ ಇವತ್ತಿಗೂ ಸರ್ಕಾರಿ ನೌಕರರ ವರ್ಗಾವಣೆಗೆ ಇದೇ ಪದ. ಆಸ್ತಿ ಕೈ ಬದಲಾದಾಗ ಕಟ್ಟುವ ತೆರಿಗೆಯ ಹೆಸರಿನಲ್ಲೂ ಇದೇ ಪದವಿದೆ. ನಮ್ಮಲ್ಲಿ ಬ್ರಿಟಿಷರ ಕಂದಾಯ ಇಲಾಖೆ ಅದನ್ನು ಖಾತೆ ಪುಸ್ತಕಕ್ಕೆ ತಂದಿತು. ಜೀವಶಾಸ್ತ್ರಕ್ಕೆ ಅದನ್ನು ನೆಲೆಗೊಳಿಸಿದವನು ಹಾಲೆಂಡಿನ ಸಸ್ಯಶಾಸ್ತ್ರಜ್ಞ ಹ್ಯೂಗೋ ಡಿ ವ್ರೀಸ್. ಸಂಜೆ ಹೊತ್ತು ಅರಳುವ ಒಂದು ಹೂಗಿಡದಲ್ಲಿ ಇದ್ದಕ್ಕಿದ್ದಂತೆ ಹೊಸ ರೂಪಗಳು ಕಾಣಿಸಿಕೊಳ್ಳುವುದನ್ನು ವರ್ಷಗಟ್ಟಲೆ ಗಮನಿಸಿ, 1901ರಲ್ಲಿ ತನ್ನ ಸಿದ್ಧಾಂತದ ಪುಸ್ತಕ ಪ್ರಕಟಿಸಿದ. ನಮ್ಮ ಪಠ್ಯಪುಸ್ತಕ ಇದನ್ನು 'ಉತ್ಪರಿವರ್ತನೆ' ಎನ್ನುತ್ತದೆ. ಮಕ್ಕಳು ಅದನ್ನು ಎರಡು ಅಂಕಕ್ಕೆ ಬಾಯಿಪಾಠ ಮಾಡುತ್ತಾರೆ. ಮನೆಗೆ ಹೋಗಿ ಅವ್ವನಿಗೆ ಹೇಳುವ ಪದವಲ್ಲ ಅದು.

ತರಗತಿಯಲ್ಲಿ ನಾನು ಒಂದು ಉಪಾಯ ಮಾಡುತ್ತಿದ್ದೆ. ಬೋರ್ಡಿನ ಮೇಲೆ 'ಹಾಲು' ಎಂದು ಬರೆದು, ಒಂದು ಅಕ್ಷರ ಅಳಿಸಿ 'ಹಾಳು' ಮಾಡುತ್ತಿದ್ದೆ. ಲಕಾರ ಹೋಗಿ ಳಕಾರ ಬಂತು, ಕುಡಿಯುವ ವಸ್ತು ಕೆಟ್ಟು ಹೋಯಿತು. ಆಮೇಲೆ 'ಬೆಲೆ' ಬರೆದು 'ಬೆಳೆ' ಮಾಡುತ್ತಿದ್ದೆ. ಇಲ್ಲೂ ಅದೇ ಅಕ್ಷರ ಬದಲಾಯಿತು, ಆದರೆ ಏನೂ ಕೆಡಲಿಲ್ಲ, ಇನ್ನೊಂದು ಒಳ್ಳೆಯ ಪದ ಹುಟ್ಟಿತು. ಕೊನೆಗೆ 'ಹೂ' ಬರೆದು 'ಹೂವು' ಮಾಡುತ್ತಿದ್ದೆ. ಬರಹ ಬದಲಾಯಿತು, ಅರ್ಥ ಬದಲಾಗಲಿಲ್ಲ. ವಂಶವಾಹಿಯಲ್ಲಿ ಆಗುವ ಬದಲಾವಣೆಗಳೂ ಹೀಗೇ ಮೂರು ಬಗೆ. ಕೆಲವು ಕೆಡಿಸುತ್ತವೆ, ಕೆಲವು ಹೊಸದನ್ನು ಕೊಡುತ್ತವೆ, ಎಷ್ಟೋ ಬದಲಾವಣೆಗಳು ನಮಗೆ ಗೊತ್ತೇ ಆಗದಂತೆ ಇದ್ದುಬಿಡುತ್ತವೆ.

ಆ ತಾಯಿಯ ಮೊಮ್ಮಗನದು ಹಾಲು ಹಾಳಾದ ಬಗೆ. ಅವನಿಗಿರುವುದು ಸಿಕಲ್ ಸೆಲ್ ಕಾಯಿಲೆ. ರಕ್ತದ ಹಿಮೋಗ್ಲೋಬಿನ್‌ನಲ್ಲಿ ಬೀಟಾ ಎಂಬ ಸರಪಳಿಯಿದೆ, ಅದರಲ್ಲಿ ಅಮೈನೋ ಆಮ್ಲಗಳ 146 ಕೊಂಡಿಗಳು. ಆರನೆಯ ಕೊಂಡಿಯಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದ ಕಡೆ ವ್ಯಾಲಿನ್ ಕೂತಿದೆ. ವರ್ನನ್ ಇನ್‌ಗ್ರಾಮ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ಇದನ್ನು ಕಂಡುಹಿಡಿದ. ಒಂದೇ ಒಂದು ಕೊಂಡಿ ಬದಲಾದದ್ದಕ್ಕೆ, ಆಮ್ಲಜನಕ ಕಡಿಮೆಯಾದಾಗ ದುಂಡಗಿನ ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಮಗು ಮೂಳೆ ನೋವಿನಿಂದ ಒದ್ದಾಡುತ್ತದೆ.

ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1952ರಲ್ಲಿ, ನಮ್ಮ ಬೆಟ್ಟಗಳಿಗೆ ಹತ್ತಿರದ ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮ ಕಡೆಯ ಬುಡಕಟ್ಟು ಕುಟುಂಬಗಳಲ್ಲೂ ಇದೆ. ಕೇಂದ್ರ ಸರ್ಕಾರ 2023ರ ಜುಲೈ 1ರಂದು ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ಶುರು ಮಾಡಿತು. 2047ರೊಳಗೆ ಈ ಕಾಯಿಲೆಯನ್ನು ಇಲ್ಲವಾಗಿಸುವ ಗುರಿ, 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಯೋಜನೆ. ಕರ್ನಾಟಕವೂ ಅದರಲ್ಲಿದೆ.

ಒಳ್ಳೆಯ ಕೆಲಸ. ಆದರೆ ತಪಾಸಣೆಯಾದ ಮೇಲೆ ಮನೆಯವರಿಗೆ ಹೇಳುವ ಮಾತು ಯಾವುದು? ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಹೀಗೆ ಬದಲಾದ ವಂಶವಾಹಿಗಳು ಎರಡೂ ಸೇರಿದರೆ ಮಾತ್ರ ಮಗುವಿಗೆ ಈ ಕಾಯಿಲೆ ಬರುತ್ತದೆ. ಒಂದೇ ಇದ್ದರೆ ಆ ಮನುಷ್ಯ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾನೆ. ಅಷ್ಟೇ ಅಲ್ಲ, ತೀವ್ರ ಮಲೇರಿಯಾದಿಂದ ಅವನಿಗೆ ಒಂದಿಷ್ಟು ರಕ್ಷಣೆಯೂ ಸಿಗುತ್ತದೆ. ಮಲೇರಿಯಾ ಇದ್ದ ಕಾಡುಸೀಮೆಗಳಲ್ಲಿ ಈ ಬದಲಾವಣೆ ಅಳಿಯದೆ ತಲೆಮಾರುಗಳಿಂದ ಉಳಿದು ಬಂದಿರುವುದು ಅದಕ್ಕೇ. ಇದನ್ನು ಬಿಡಿಸಿ ಹೇಳದೆ 'ನಿಮ್ಮ ರಕ್ತದಲ್ಲಿ ಮ್ಯುಟೇಷನ್ ಇದೆ' ಎಂದು ಬಿಟ್ಟರೆ ಕೇಳಿದವರಿಗೆ ಅದು ಕಳಂಕದ ಹಾಗೆ ಕೇಳಿಸುತ್ತದೆ. ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಯವರು ತಪಾಸಣೆಯ ಫಲಿತಾಂಶ ಬರೆದ ಕಾರ್ಡನ್ನು ಬಚ್ಚಿಡುತ್ತಾರೆ. ಬಚ್ಚಿಟ್ಟರೆ ತಪಾಸಣೆ ಮಾಡಿದ ಉದ್ದೇಶವೇ ಸೋಲುತ್ತದೆ. ಗಂಡುಹೆಣ್ಣು ಇಬ್ಬರಲ್ಲೂ ಈ ಬದಲಾವಣೆ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆಯಿದೆ. ಇದು ಮದುವೆಗೆ ಮೊದಲೇ ಗೊತ್ತಿರಬೇಕು.

ಬಿಡಿಸಿ ಹೇಳಿದರೆ ಏನಾಗುತ್ತದೆ ಎಂಬುದನ್ನು ಕೊರೊನಾ ಕಾಲದಲ್ಲಿ ಕಂಡೆವು. 2021ರ ಡಿಸೆಂಬರ್ 2ರಂದು ದೇಶದ ಮೊದಲ ಓಮೈಕ್ರಾನ್ ಪ್ರಕರಣಗಳು ನಮ್ಮ ರಾಜ್ಯದಲ್ಲೇ ಪತ್ತೆಯಾದವು. ವೈರಾಣು ತನ್ನ ಪ್ರತಿ ಮಾಡಿಕೊಳ್ಳುವಾಗ ಅಕ್ಷರ ತಪ್ಪುತ್ತಲೇ ಇರುತ್ತದೆ. ಹೆಚ್ಚಿನವು ಲೆಕ್ಕಕ್ಕೆ ಬಾರದ ತಪ್ಪುಗಳು. ಇಂಥ ಹಲವು ತಪ್ಪುಗಳು ಕೂಡಿ ಹೊಸ ಗುಣ ಬಂದ ವೈರಾಣುವಿಗೆ ಪತ್ರಿಕೆಗಳು 'ರೂಪಾಂತರಿ' ಎಂಬ ಒಳ್ಳೆಯ ಪದ ಕೊಟ್ಟವು. ಊರಿನ ಹೋಟೆಲಿನಲ್ಲಿ ಟೀ ಕುಡಿಯುವವರೂ ಅದನ್ನು ಸಲೀಸಾಗಿ ಆಡಿದರು. ಜನರಿಗೆ ಹೊಸ ಪದ ಕಲಿಯಲು ಬರುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಅರ್ಥವಾಗುವ ಹಾಗೆ ಕೊಟ್ಟರೆ ಜನ ಕಲಿಯುತ್ತಾರೆ.

ಬದಲಾವಣೆ ಬೇಕೆಂದೇ ಮಾಡಿಸುವುದೂ ಉಂಟು. ಮುಂಬೈಯ ಟ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಬೀಜಕ್ಕೆ ವಿಕಿರಣ ಹಾಯಿಸಿ, ಅದರಲ್ಲಿ ಒಳ್ಳೆಯದಾಗಿ ಬದಲಾದದ್ದನ್ನು ಆರಿಸಿ ಬೆಳೆಸಿ ಕಡಲೆಕಾಯಿ ತಳಿಗಳನ್ನು ಕೊಟ್ಟಿದ್ದಾರೆ. ಟಿಎಜಿ-24 ಅಂಥದ್ದೊಂದು. ಹೊಲದಲ್ಲಿ ಬೆಳೆ ನಿಂತಿರುವುದು ಒಂದು ಮ್ಯುಟೇಷನ್ನಿನಿಂದ, ಹೊಲದ ಪಹಣಿಯಲ್ಲಿ ಹೆಸರು ನಿಂತಿರುವುದು ಇನ್ನೊಂದು ಮ್ಯುಟೇಷನ್ನಿನ ಮೇಲೆ.

ಆ ಇನ್ನೊಂದರ ಮಾತಿಗೆ ಬರುತ್ತೇನೆ. ಹಳ್ಳಿಯವರು ಬದುಕಿನಲ್ಲಿ ಹೆಚ್ಚು ಸಲ ಕೇಳುವುದು ಅದನ್ನೇ. ಜಮೀನು ಕ್ರಯವಾದರೂ ಮ್ಯುಟೇಷನ್, ದಾನವಾದರೂ ಮ್ಯುಟೇಷನ್. ಅಣ್ಣತಮ್ಮಂದಿರು ವಿಭಾಗ ಮಾಡಿಕೊಂಡರೂ, ಯಜಮಾನ ತೀರಿಹೋಗಿ ಪೌತಿಯಾದರೂ, ಬ್ಯಾಂಕಿನ ಸಾಲ ಪಹಣಿಯಲ್ಲಿ ಏರಿದರೂ, ಸರ್ಕಾರ ಭೂಸ್ವಾಧೀನ ಮಾಡಿಕೊಂಡರೂ ಅದೇ ಹೆಸರು. 'ನಿಮ್ಮ ಸರ್ವೆ ನಂಬರಿಗೆ ಮ್ಯುಟೇಷನ್ ಆಗಿದೆ' ಎಂದರೆ ಜಮೀನು ಕೈಗೆ ಬಂತೋ ಕೈಬಿಟ್ಟು ಹೋಯಿತೋ ಆ ಮಾತಿನಿಂದ ಗೊತ್ತಾಗುವುದಿಲ್ಲ.

ಕ್ರಯ, ದಾನ, ವಿಭಾಗ, ಪೌತಿ, ಅಡಮಾನದ ಆಧಾರ. ನಮ್ಮ ರೈತರ ಬಾಯಲ್ಲಿ ಈ ಪದಗಳೆಲ್ಲ ಇವೆ. ಒಂದೊಂದೂ ಏನಾಯಿತೆಂಬುದನ್ನು ನೇರವಾಗಿ ಹೇಳುತ್ತದೆ. ಓದು ಬಾರದ ನಮ್ಮ ಅಜ್ಜಿಗೂ ಇವುಗಳ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಇಷ್ಟು ಪದಗಳಿರುವ ಜನರಿಗೆ ಕೌಂಟರಿನ ಕಿಟಕಿಯಿಂದ ಒಂದೇ ಇಂಗ್ಲಿಷ್ ಪದ ಎಸೆಯುವುದು ಸರಿಯಲ್ಲ.

ಇನ್ನೊಂದು ದೊಡ್ಡ ತಪ್ಪು ತಿಳಿವಳಿಕೆಯೂ ಈ ಪದಕ್ಕೆ ಅಂಟಿಕೊಂಡಿದೆ. ಪಹಣಿಯಲ್ಲಿ ಹೆಸರು ಬಂದರೆ ಜಮೀನು ತನ್ನದಾಯಿತು, ಹೆಸರು ಹೋದರೆ ಹಕ್ಕೇ ಹೋಯಿತು ಎಂದು ಜನ ನಂಬಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಮ್ಯುಟೇಷನ್ ಕಂದಾಯದ ಲೆಕ್ಕಕ್ಕಾಗಿ ಮಾಡುವ ದಾಖಲೆ, ಅದರಿಂದ ಒಡೆತನ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. 2021ರಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲೂ ಅದನ್ನೇ ಹೇಳಿತು. ನಮ್ಮ 1964ರ ಭೂಕಂದಾಯ ಕಾಯ್ದೆಯ ಪ್ರಕಾರ ಪಹಣಿಯ ನಮೂದು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸಬೇಕು, ಅಷ್ಟೆ. ಸಾಬೀತು ಮಾಡುವ ಬಾಗಿಲು ತೆರೆದೇ ಇರುತ್ತದೆ. ಈ ಒಂದು ಸಂಗತಿ ಗೊತ್ತಿಲ್ಲದೆ ಎಷ್ಟು ಹೆಣ್ಣುಮಕ್ಕಳು 'ಖಾತೆ ಅಣ್ಣನ ಹೆಸರಿಗೆ ಆಗಿಹೋಯ್ತಲ್ಲ, ಇನ್ನೇನಿದೆ' ಎಂದು ಸುಮ್ಮನಾಗಿದ್ದಾರೆ!

ನಾನೂ ಸುಮ್ಮನಾಗಿಬಿಡುತ್ತಿದ್ದೆನೇನೋ. ಆ ಸೋಮವಾರ ಮಧ್ಯಾಹ್ನ ಅಪ್ಪನ ಕಡತ ನೋಡಲು ಸಿಕ್ಕಿತು. ಅದರೊಳಗೆ ನಮ್ಮ ಮನೆಯ ವಂಶವೃಕ್ಷ. ಮೇಲೆ ಅಪ್ಪನ ಹೆಸರು, ಪಕ್ಕದಲ್ಲಿ ಮೊದಲೇ ತೀರಿಹೋದ ಅಮ್ಮನ ಹೆಸರು, ಕೆಳಗೆ ಒಂದು ಗೆರೆ, ಗೆರೆಯ ತುದಿಯಲ್ಲಿ ಒಂದು ಚೌಕದೊಳಗೆ ತಮ್ಮನ ಹೆಸರು. ನಾನಿರಲಿಲ್ಲ. ನನ್ನ ತಂಗಿ ಇರಲಿಲ್ಲ.

ಅದೇ ಹಾಳೆಯನ್ನು ಎಷ್ಟೋ ಹೊತ್ತು ನೋಡುತ್ತ ನಿಂತೆ. ವಂಶವೃಕ್ಷ ಬರೆಯುವುದನ್ನು ಮಕ್ಕಳಿಗೆ ಕಲಿಸಿದವಳು ನಾನು. ಅನುವಂಶೀಯ ಕಾಯಿಲೆ ಒಂದು ಮನೆತನದಲ್ಲಿ ಹೇಗೆ ಹರಿದು ಬಂತು ಎಂದು ತಿಳಿಯಲು ವೈದ್ಯರೂ ವಂಶವೃಕ್ಷ ಬರೆಯುತ್ತಾರೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಆ ಚಿತ್ರದಲ್ಲಿ ಒಂದು ವೃತ್ತ ಬಿಟ್ಟುಹೋದರೂ ಲೆಕ್ಕ ತಪ್ಪುತ್ತದೆ. ಕಾಯಿಲೆ ಯಾರಿಂದ ಯಾರಿಗೆ ಬಂತೆಂದು ತಿಳಿಯುವುದೇ ಇಲ್ಲ. ಅದಕ್ಕೇ ಯಾವ ವೈದ್ಯರೂ ಹೆಣ್ಣುಮಕ್ಕಳನ್ನು ಬಿಡುವುದಿಲ್ಲ. ಆ ತಾಯಿಯ ಮೊಮ್ಮಗನ ವರದಿಯ ಹಿಂಬದಿಯಲ್ಲಿ ಯಾರೋ ಪುಣ್ಯಾತ್ಮರು ಪೆನ್ನಿನಲ್ಲಿ ಅಂಥದ್ದೇ ಚಿತ್ರ ಬರೆದಿದ್ದರು. ಅಜ್ಜಿ, ಸೊಸೆ, ಹೆಣ್ಣುಮಕ್ಕಳು ಎಲ್ಲರಿಗೂ ಅಲ್ಲಿ ಒಂದೊಂದು ವೃತ್ತವಿತ್ತು. ಕಾಯಿಲೆಯ ವಂಶವೃಕ್ಷದಲ್ಲಿ ಹೆಣ್ಣಿಗೆ ಜಾಗವಿದೆ. ಜಮೀನಿನ ವಂಶವೃಕ್ಷದಲ್ಲಿ ಬರೀ ಚೌಕ.

ಕಾನೂನಿನಲ್ಲಿ ಕೊರತೆಯಿಲ್ಲ. ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಪಾಲು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಇದೆ. ಪಿತ್ರಾರ್ಜಿತದಲ್ಲೂ ಮಗನಷ್ಟೇ ಹಕ್ಕು 2005ರ ತಿದ್ದುಪಡಿಯಿಂದ ಇದೆ. ಕರ್ನಾಟಕ 1994ರಲ್ಲೇ ಆ ದಾರಿಯಲ್ಲಿ ಒಂದು ಹೆಜ್ಜೆ ಇಟ್ಟಿತ್ತು. ಆದರೆ ಕಾನೂನು ವಂಶವೃಕ್ಷದ ಹಾಳೆಗೆ ಇಳಿಯದಿದ್ದರೆ ಖಾತೆಗೂ ಇಳಿಯುವುದಿಲ್ಲ.

ಸಂಜೆ ತಮ್ಮನನ್ನು ಕೇಳಿದೆ. ಅವನು ಕೆಟ್ಟವನಲ್ಲ. "ಅಕ್ಕ, ಅರ್ಜಿ ಬರ್ಕೊಡೋನು ಹೆಣ್ಮಕ್ಳದು ಹಾಕುದ್ರೆ ಮುಟೇಷನ್ ತಡ ಆಯ್ತದ ಅಂದ. ನಂಗೂ ಅದೇನು ಅಂತ ಸರಿಯಾಗಿ ಗೊತ್ತಿರ್ಲಿಲ್ಲ. ಸಹಿ ಹಾಕ್ದೆ" ಎಂದ. ಅವನ ಮಾತು ನಿಜವೆಂದೇ ನಂಬುತ್ತೇನೆ. ಏನು ಬದಲಾಗುತ್ತಿದೆ ಎಂದು ತಿಳಿಯದೆ ಹಾಕಿದ ಒಂದು ಸಹಿ ಇಬ್ಬರು ಅಕ್ಕತಂಗಿಯರನ್ನು ಅಪ್ಪನ ಮಕ್ಕಳ ಪಟ್ಟಿಯಿಂದಲೇ ತೆಗೆದಿತ್ತು. ಮರುದಿನ ನಾನು ಲಿಖಿತ ತಕರಾರು ಕೊಟ್ಟೆ. ತಮ್ಮನೇ ಜೊತೆಯಲ್ಲಿ ಬಂದು ಹೊಸ ವಂಶವೃಕ್ಷಕ್ಕೆ ಸಹಿ ಮಾಡಿದ.

ಆ ದಿನಗಳಲ್ಲಿ ನಮ್ಮ ಶಾಲೆಯ ಕನ್ನಡ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದ ಒಂದು ಮಾತು ನೆನಪಾಗುತ್ತಿತ್ತು. ಬ್ರಿಟನ್ನಿನ ವೇಲ್ಸ್ ಸೀಮೆಯ ಭಾಷೆಯಲ್ಲಿ ಪದದ ಮೊದಲಿನ ಕ, ತ, ಪ ಧ್ವನಿಗಳು ಕೆಲವು ಪದಗಳ ಪಕ್ಕ ಬಂದಾಗ ಗ, ದ, ಬ ಆಗುತ್ತವೆ, ಅದನ್ನು ಅಲ್ಲಿನ ವ್ಯಾಕರಣದವರು ಮ್ಯುಟೇಷನ್ ಎನ್ನುತ್ತಾರೆ ಎಂದು. ನಮ್ಮಲ್ಲಿ ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಕಣ್ಣಿನ ಪನಿ ಕಂಬನಿ ಆಗುವುದಿಲ್ಲವೆ? ಅದೇ ಮೂರು ಅಕ್ಷರ, ಅದೇ ಬದಲಾವಣೆ. ನಾವು ಅದನ್ನು ಆದೇಶ ಸಂಧಿ ಎಂದೆವು. ಕೇಶಿರಾಜ ಹದಿಮೂರನೆಯ ಶತಮಾನದಲ್ಲೇ ಇಂಥ ಬದಲಾವಣೆಗಳಿಗೆ ಸೂತ್ರ ಬರೆದಿಟ್ಟ. ಆಗಮ ಬೇರೆ, ಲೋಪ ಬೇರೆ, ಆದೇಶ ಬೇರೆ. ಒಂದು ಅಕ್ಷರ ಬಂತೋ, ಹೋಯಿತೋ, ಒಂದರ ಜಾಗಕ್ಕೆ ಇನ್ನೊಂದು ಬಂತೋ ಎಂದು ಮೂರು ಹೆಸರಿಟ್ಟು ಕಲಿಸಿದ ನಾಡು ಇದು. ಅಕ್ಷರಕ್ಕೆ ತೋರಿಸಿದ ಈ ಎಚ್ಚರವನ್ನು ಮನುಷ್ಯರ ಹೆಸರಿಗೆ ತೋರಿಸಬಾರದೇ? ಪಹಣಿಗೆ ಯಾರ ಆಗಮವಾಯಿತು, ಯಾರ ಲೋಪವಾಯಿತು, ಯಾರ ಜಾಗಕ್ಕೆ ಯಾರು ಬಂದರು ಎಂದು ಹೇಳಬಾರದೇ?

ಇಂಗ್ಲಿಷ್ ಪದದ ಮೇಲೆ ನನಗೆ ದ್ವೇಷವಿಲ್ಲ. ಬಸ್ಸು, ಬ್ಯಾಂಕು, ಪೆನ್ನು ಎಲ್ಲವೂ ನಮ್ಮವಾಗಿವೆ. ಮ್ಯುಟೇಷನ್ ಎಂಬುದೂ ಇರಲಿ. ಆದರೆ ಅದನ್ನು ಆಡಿದವರು ಅಲ್ಲಿಗೆ ಮಾತು ಮುಗಿಸಬಾರದು.

ಕಂದಾಯ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟು. ಅರ್ಜಿ ಕೊಟ್ಟವರ ಕೈಗೆ ದೊಡ್ಡ ಅಕ್ಷರದ ಒಂದು ಚೀಟಿ ಕೊಡಿ: ಯಾರ ಹೆಸರು ಹೋಗುತ್ತದೆ, ಯಾರ ಹೆಸರು ಬರುತ್ತದೆ, ಯಾವ ಕಾರಣಕ್ಕೆ, ತಕರಾರು ಕೊಡಲು ಕೊನೆಯ ದಿನ ಯಾವುದು. ನಾಲ್ಕೇ ಸಾಲು. ಪೌತಿ ಖಾತೆಯ ವಂಶವೃಕ್ಷ ಒಪ್ಪಿಕೊಳ್ಳುವ ಮುಂಚೆ 'ಹೆಣ್ಣುಮಕ್ಕಳು ಎಷ್ಟು?' ಎಂದು ಬಾಯಿಬಿಟ್ಟು ಕೇಳಿ, ಉತ್ತರವನ್ನು ಬರೆದುಕೊಳ್ಳಿ. ಆಸ್ಪತ್ರೆಯವರಲ್ಲಿ ಕೇಳುವುದು, ಸಿಕಲ್ ಸೆಲ್ ಕಾರ್ಡ್ ಕೊಡುವಾಗ ಐದು ನಿಮಿಷ ಕೂರಿಸಿ ಹೇಳಿ: ಇದು ಯಾರ ತಪ್ಪೂ ಅಲ್ಲ, ಅಂಟುರೋಗವಲ್ಲ, ಹುಟ್ಟಿನಿಂದ ಬಂದದ್ದು, ಮದುವೆಗೆ ಮೊದಲು ಇಬ್ಬರೂ ನೋಡಿಕೊಳ್ಳಬೇಕಾದದ್ದು. ಇನ್ನು ನನ್ನಂಥ ಮೇಷ್ಟ್ರುಗಳು, ಟೀಚರುಗಳು. ಉತ್ಪರಿವರ್ತನೆ ಎಂದು ಬರೆಸುವ ದಿನವೇ ಮಕ್ಕಳಿಗೆ ಮನೆಯ ಪಹಣಿ ತರಲು ಹೇಳಿ. ಎರಡನ್ನೂ ಒಂದೇ ಬೋರ್ಡಿನ ಮೇಲೆ ಬಿಡಿಸಿ ತೋರಿಸಿ. ಮೂವತ್ತೊಂದು ವರ್ಷದಲ್ಲಿ ನಾನು ಮಾಡದೆ ಬಿಟ್ಟ ಪಾಠ ಅದು.

ಆ ಸೋಮವಾರ ಜಗಲಿಯ ಮೇಲೆ, ಸ್ವಲ್ಪ ತಡವಾಗಿಯಾದರೂ ಉತ್ತರ ಹೇಳಿದೆ. "ಅವ್ವ, ಮಗೂದು ರಕ್ತದೊಳಗೆ ಒಂದು ಅಕ್ಷರ ಬದಲಾಗಿರೋದು, ಹುಟ್ಟುವಾಗಲೇ ಬಂದದ್ದು, ಮಾತ್ರೆ ತಗೊಂಡ್ರೆ ನೋವು ಕಮ್ಮಿ ಆಗುತ್ತೆ. ಇಲ್ಲೀದು ಪುಸ್ತಕದಲ್ಲಿ ನಿನ್ನ ಯಜಮಾನನ ಹೆಸರು ತೆಗೆದು ನಿನ್ನ ಹೆಸರೂ ಮಕ್ಕಳ ಹೆಸರೂ ಬರೀಬೇಕಾಗಿರೋದು." ಅವರು ಚೀಲವನ್ನು ಎದೆಗೆ ಒತ್ತಿಕೊಂಡು ಹೇಳಿದರು: "ಅಂಗಂತ ಅವ್ರೇ ಯೋಳಿದ್ರ ಆಗ್ತಿರ್ಲಿಲ್ವ, ಟೀಚರಮ್ಮ?"

ಅವರ ಜಮೀನಿನ ಖಾತೆ ನಾಲ್ಕು ತಿಂಗಳ ಮೇಲೆ ಆಯಿತು. ನಮ್ಮ ಸರ್ವೆ ನಂಬರಿನ ಒಂಬತ್ತನೇ ಕಲಂನಲ್ಲಿ ಈಗ ನನ್ನದು, ತಂಗಿಯದು, ತಮ್ಮನದು, ಮೂರು ಹೆಸರಿವೆ.

ಈ ಲೇಖನ ಓದಿದವರಲ್ಲಿ ಒಂದು ಮಾತು. ಇವತ್ತು ಸಂಜೆ ಮನೆಯ ಪಹಣಿ ಹೊರಗೆ ತೆಗೆಯಿರಿ. ಒಂಬತ್ತನೇ ಕಲಂನಲ್ಲಿ ಯಾರ ಹೆಸರಿದೆ, ಹತ್ತನೆಯದರಲ್ಲಿ ಆ ಹಕ್ಕು ಹೇಗೆ ಬಂತೆಂದು ಬರೆದಿದೆ, ಹನ್ನೊಂದರಲ್ಲಿ ಯಾವ ಸಾಲ ಇದೆ ಎಂದು ಮನೆಯ ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ.